ಅಣ್ಣನ ಮೊಣಕಾಲು, ಅಪ್ಪನ ಸೋಮವಾರಗಳು

ನಾನು ಚಿಕ್ಕವನಿದ್ದಾಗ ಓಡಲು ಕಾಲುಗಳನ್ನೂ, ಬೀಳಲು ಮೆತ್ತನೆಯ ಮಣ್ಣನ್ನೂ, ಬಿದ್ದಾಗ ಎತ್ತಲು ಹಿರಿಯರನ್ನೂ ಕರುಣಿಸಿದ ಪರಶಿವನಿಗೆ ಮೊದಲು ಕೈಮುಗಿಯುತ್ತೇನೆ. ಮಕ್ಕಳೇ, ಆ ಕರುಣೆ ಎಷ್ಟು ದೊಡ್ಡದೆಂಬುದು ನನಗೆ ತಿಳಿದದ್ದು ಒಂದು ಶ್ರಾವಣ ಸೋಮವಾರದಂದು. ಆ ದಿನದ ಮಾತನ್ನೇ ಇಂದು ನಿಮಗೆ ಹೇಳುತ್ತೇನೆ.

ಆಗಿನ್ನೂ ಬ್ರಿಟಿಷರ ಆಳ್ವಿಕೆಯಿತ್ತು. ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿತ್ತು. ಅಪ್ಪ ಹತ್ತಿಯ ವ್ಯಾಪಾರಿಗಳು. ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಅಣ್ಣನಿಗೆ ಹದಿನಾರು ವರ್ಷ. ನಮ್ಮ ಓಣಿಯ ಗರಡಿಯಲ್ಲಿ ಅವನಿಗೆ ಸರಿಜೋಡಿಯಾಗಿ ನಿಲ್ಲುವ ಹುಡುಗರೇ ಇರಲಿಲ್ಲ. ಶ್ರಾವಣ ಮುಗಿಯುವಾಗ ನಡೆಯುವ ಕುಸ್ತಿಯಲ್ಲಿ ಉಪ್ಪಿನಬೆಟಗೇರಿಯ ಪೈಲವಾನನೊಡನೆ ಸೆಣಸಲು ವಸ್ತಾದರು ಅವನನ್ನೇ ಆರಿಸಿದ್ದರು. ವಸ್ತಾದರೆಂದರೆ ಗರಡಿಯ ಗುರುಗಳು. ಅವರು ಮುಸಲ್ಮಾನರು. ಗರಡಿಯ ಗೂಡಿನಲ್ಲಿದ್ದ ಮಾರುತಿಯ ಮುಂದೆ ನಾವು ದೀಪ ಹಚ್ಚುವವರೆಗೂ ಅವರು ಬರಿಗಾಲಲ್ಲಿ ನಿಂತಿರುತ್ತಿದ್ದರು. ಆಮೇಲೆ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಅಖಾಡಕ್ಕೆ ಇಳಿಯುತ್ತಿದ್ದರು. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡುವಾಗ ಏಳುತ್ತಿದ್ದ ಆ ಪರಿಮಳ ಇಂದಿಗೂ ನನ್ನ ಮೂಗಿನಲ್ಲಿದೆ.

ತನ್ನನ್ನು ಆರಿಸಿದ ಸಂತೋಷದಲ್ಲಿ ಅಣ್ಣ ಒಂದು ಹರಕೆ ಹೊತ್ತ. ಶ್ರಾವಣದ ಪ್ರತಿ ಸೋಮವಾರ ಸಂಜೆ ದೀಪ ಹಚ್ಚುವವರೆಗೆ ಹನಿ ನೀರನ್ನೂ ಮುಟ್ಟೆನೆಂದೂ, ಅದೇ ದಿನ ದಂಡ, ಬೈಠಕುಗಳ ಕಸರತ್ತನ್ನು ಇಮ್ಮಡಿ ಮಾಡುವೆನೆಂದೂ ಶಿವನ ಮುಂದೆ ನುಡಿದ. ಅಪ್ಪ ತಲೆ ಮುಟ್ಟಿ ಹರಸಿದರು. ಹುಡುಗನ ಭಕ್ತಿಯನ್ನು ಕಂಡು ಮನೆಯವರಿಗೆಲ್ಲ ಹೆಮ್ಮೆ. ವಸ್ತಾದರಿಗೆ ಮಾತ್ರ ಯಾರೂ ಈ ಸಂಗತಿ ಹೇಳಿರಲಿಲ್ಲ.

ಆ ಸೋಮವಾರ ಬೆಳಗು ಹರಿಯುವ ಮೊದಲೇ ಅಣ್ಣ ಉಣಕಲ್ ಕೆರೆಯವರೆಗೆ ಓಡಿ ಬಂದ. ಬಂದವನೇ ಬೈಠಕು ಶುರುಮಾಡಿದ. ಮಧ್ಯಾಹ್ನ ಅವನ ತುಟಿ ಒಣಗಿ ಬಿಳಿಚಿಕೊಂಡಿತ್ತು. ಸಂಜೆ ಗರಡಿಯಲ್ಲಿ ಜೊತೆಯ ಹುಡುಗನನ್ನು ಸೊಂಟ ಹಿಡಿದು ಎತ್ತಿದಾಗ ಅವನ ಬಲಗಾಲು ಥರಥರ ನಡುಗಿತು. ಮೊಣಕಾಲು ಒಳಕ್ಕೆ ತಿರುಗಿ, ಇಬ್ಬರೂ ಮಣ್ಣಿಗೆ ಬಿದ್ದರು. ಅಣ್ಣ ಮೈಕೊಡವಿಕೊಂಡು ಎದ್ದು ನಕ್ಕ.

“ಏನಾತೋ?” ಎಂದರು ವಸ್ತಾದರು.

“ಏನಿಲ್ಲರೀ ವಸ್ತಾದರ, ಕಾಲು ಜಾರಿತ್ರಿ.”

ಮನೆಗೆ ಬರುವಾಗ ನನ್ನ ಹೆಗಲ ಮೇಲೆ ಅವನ ಕೈ ಭಾರವಾಗಿತ್ತು. ದೀಪ ಹಚ್ಚಿ ಎಲ್ಲರೂ ಪೂಜೆಗೆ ಕುಳಿತೆವು. ಅಣ್ಣ ಮಾತ್ರ ಬಲಗಾಲು ಮಡಚದೆ ಮುಂದಕ್ಕೆ ಚಾಚಿ ಕುಳಿತ. ಅಕ್ಕ ಅವನಿಗಿಂತ ಕಿರಿಯಳು, ಆದರೆ ನಾಲಿಗೆ ಬಹಳ ಚುರುಕು.

“ಇದೇನ್ ಅಣ್ಣಾ, ಪೂಜಿಗಿ ಕಾಲು ಚಾಚಿ ಕೂತೀದಿ? ಶಿವನ್ನ ಒದೀಬೇಕಂತ ಮಾಡೀಯೇನು?”

“ಸುಮ್ನಿರ ನೀ.”

“ಸುಮ್ನಿರ್ತೇನಿ. ಮೊದಲ ಕಾಲು ಮಡಚು, ನೋಡೋಣು.”

ಅಣ್ಣ ಮಡಚಲು ಹೋದ. ಹಲ್ಲು ಕಚ್ಚಿದರೂ ಬಾಯಿಂದ ಒಂದು ನರಳುವಿಕೆ ಹೊರಟಿತು. ಅಪ್ಪ ತಿರುಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ವಸ್ತಾದರು ನಿಂತಿದ್ದರು.

“ಬರ್ರಿ ವಸ್ತಾದರ, ಒಳಗ ಬರ್ರಿ,” ಎಂದರು ಅಪ್ಪ.

“ಪೂಜಿ ಮುಗೀಲಿ ಸಾವಕಾರ್ರ, ಕಟ್ಟಿ ಮ್ಯಾಲೆ ಕೂತಿರ್ತೇನಿ. ಹುಡುಗ ಗರಡಿ ಮೆಟ್ಟಲಾ ಇಳಿಯೂದು ನೋಡಿದೆ. ಮನಸ್ಸು ತಡೀಲಿಲ್ಲ.”

ಪೂಜೆ ಮುಗಿಯಿತು. ವಸ್ತಾದರು ಒಳಗೆ ಬಂದು ಅಣ್ಣನ ಮೊಣಕಾಲಿನ ಮೇಲೆ ಅಂಗೈ ಇಟ್ಟರು. ಅದು ಬಾತು ಕಾದಿತ್ತು. ಅಕ್ಕ ಎಣ್ಣೆ ತರಲು ಎದ್ದಳು.

“ತಿಕ್ಕೂದು ಬ್ಯಾಡ ಬೇಟಿ. ತಣ್ಣೀರ ಬಟ್ಟಿ ತಾ.” ಆಮೇಲೆ ಅಣ್ಣನ ಕಡೆ ತಿರುಗಿ, “ಏನ್ ಉಂಡೀದಿ ಇವತ್ತ?” ಎಂದರು.

“ಸೋಮವಾರ ಅಲ್ರೀ.”

“ನೀರು?”

“ಅದೂ ಇಲ್ಲರಿ. ಹರಕಿ ಹೊತ್ತೇನಿ, ನಸಿಕಿನ್ಯಾಗ ಎದ್ದು ಬೈಠಕ್ ಇಮ್ಮಡಿ ಹೊಡದೇನಿ,” ಎಂದ ಅಣ್ಣ. ವಸ್ತಾದರು ಅಪ್ಪನತ್ತ ನೋಡಿ ಮೆಲ್ಲಗೆ ಹೇಳಿದರು: “ರೋಜಾ ಹಿಡಿದಾಗ ನಾನೂ ನೀರು ಮುಟ್ಟೂದಿಲ್ಲರಿ. ಆದ್ರ ಆ ತಿಂಗಳು ಹಗಲಿನ್ಯಾಗ ಮಣ್ಣಿಗಿ ಇಳಿಯೂದೂ ಇಲ್ಲ. ಈ ವಯಸ್ಸಿನ್ಯಾಗ ಹುಡುಗರ ಎಲುಬು ಮಳಿಗಾಲದ ಜ್ವಾಳದಂಗ ಬೆಳೀತಾವ, ನರ ಅದರ ಹಿಂದ ಓಡಿ ಓಡಿ ದಣೀತಾವ. ಅನ್ನ ಇಲ್ಲ, ನೀರಿಲ್ಲ, ನಿದ್ದಿ ಇಲ್ಲ, ಮ್ಯಾಲೆ ಇಮ್ಮಡಿ ಬೈಠಕ್. ದೇವರೂ ಕೇಳ್ಯಾನು, ಮಣ್ಣೂ ಕೇಳೀತು. ಎರಡಕ್ಕೂ ಒಂದ ದಿನ ಕೊಡಂದ್ರ ಮೈ ಎಲ್ಲಿಂದ ಕೊಡಬೇಕ್ರಿ? ಈ ಸಲ ಇವನ ಕುಸ್ತಿ ಬ್ಯಾಡ.”

“ನಾ ಆಡೇ ಆಡ್ತೇನಿ!” ಎಂದ ಅಣ್ಣ. “ಮಂದಿ ಅಂಜಿದಾ ಅಂತಾರ.”

“ಅನ್ನಲಿ. ಬಾಯಿ ಅವರದು, ಮೊಣಕಾಲು ನಿಂದು. ಈಗ ನರ ಹರಿದ್ರ ಜೀವನಪೂರ್ತಿ ಕೋಲು ಹಿಡೀತಿ. ಉಪ್ಪಿನಬೆಟಗೇರಿ ಪೈಲವಾನ ಎಲ್ಲಿ ಓಡಿ ಹೋಗ್ತಾನ? ಮುಂದಿನ ವರ್ಷನೂ ಇರ್ತಾನ.”

“ಮತ್ತ ನನ್ನ ಹರಕಿ?”

ಆ ಪ್ರಶ್ನೆಯನ್ನು ವಸ್ತಾದರು ಅಪ್ಪನಿಗೇ ಬಿಟ್ಟು ಅವರತ್ತ ತಿರುಗಿದರು. ಅದಕ್ಕೆ ಉತ್ತರ ಹೇಳಬೇಕಾದವರು ಅಪ್ಪ ಎಂದು ಅವರಿಗೆ ಗೊತ್ತಿತ್ತು. ನುಡಿದ ಮಾತು ತಪ್ಪಬಾರದೆಂದು ನಮಗೆ ಕಲಿಸಿದವರೇ ಅಪ್ಪ. ಅವರು ಎದ್ದು ಬಂದು ಅಣ್ಣನ ಪಕ್ಕ ನೆಲದ ಮೇಲೆ ಕುಳಿತು ಹೇಳಿದರು:

“ಹರಸಿದಾಂವ ನಾನು. ಉಳಿದ ಸೋಮವಾರ ನಾ ಹಿಡೀತೇನಿ. ನೀ ಉಣ್ಣು, ಮಲಗು, ಕಾಲು ನೆಟ್ಟಗ ಮಾಡ್ಕೋ. ನಿನ್ನ ಪಾಲಿನ ಪೂಜಿ ಈಗ ಅದೇ.”

ಅಣ್ಣ ಅಪ್ಪನ ತೊಡೆಯ ಮೇಲೆ ಮುಖವಿಟ್ಟು ಅತ್ತ. ಅಕ್ಕ ಬೆಲ್ಲ, ನೀರು ತಂದಳು. ವಸ್ತಾದರು ತಮ್ಮ ಕೈಯಿಂದಲೇ ತಂಬಿಗೆಯನ್ನು ಅಣ್ಣನ ಬಾಯಿಗೆ ಹಿಡಿದರು.

ಅಪ್ಪ ನುಡಿದಂತೆ ನಡೆದರು. ಹತ್ತಿಯ ಧೂಳು ತುಂಬಿದ ಪೇಟೆಯಲ್ಲಿ, ಗಂಟಲು ಒಣಗಿದರೂ ಹನಿ ನೀರು ಮುಟ್ಟದೆ ದಿನವಿಡೀ ವ್ಯವಹಾರ ಮಾಡಿ, ಸಂಜೆ ಮನೆಗೆ ಬರುತ್ತಿದ್ದರು. ಕುಸ್ತಿಯ ದಿನ ನಮ್ಮ ಗರಡಿಯಿಂದ ಅಣ್ಣನ ಬದಲಿಗೆ ಯಾರೂ ಇಳಿಯಲಿಲ್ಲ. ಉಪ್ಪಿನಬೆಟಗೇರಿಯ ಪೈಲವಾನನನ್ನು ಹಾಗೆಯೇ ಗೆದ್ದವನೆಂದು ಸಾರಲು ಪಂಚರು ಮುಂದಾದರು. ಆ ತರುಣ ಕೈಮುಗಿದು, “ಕುಸ್ತಿ ಹಿಡೀಲಾರದ ಗೆಲುವು ನನಗ ಬ್ಯಾಡ್ರಿ. ಅವನ ಕಾಲು ಛಲೋ ಆಗಲಿ, ಬರೂ ವರ್ಷ ಹಿಡೀತೇನಿ,” ಎಂದ. ಮರುವರ್ಷ ಇಬ್ಬರೂ ಹಿಡಿದರು. ಅಣ್ಣ ಸೋತ. ಸೋತವನು ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತು, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಅಖಾಡ ಸುತ್ತಿದ. ಅದನ್ನು ನೋಡುತ್ತ ವಸ್ತಾದರು ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಕ್ಕಳೇ, ನವನಗರದ ಮೈದಾನದಲ್ಲಿ ನೀವು ಬೂಟು ಹಾಕಿ, ಬಣ್ಣದ ಅಂಗಿ ತೊಟ್ಟು ಆಡುತ್ತೀರಿ. ನಿಮ್ಮ ನೋವನ್ನು ಯಂತ್ರದಲ್ಲಿ ನೋಡುವ ವೈದ್ಯರಿದ್ದಾರೆ. ನಮಗಿದ್ದದ್ದು ವಸ್ತಾದರ ಅಂಗೈ ಒಂದೇ. ಆದರೂ ಬೆಳಗ್ಗೆ ಒಂದು ತಂಡಕ್ಕೆ, ಸಂಜೆ ಇನ್ನೊಂದಕ್ಕೆ ಆಡಿ, ಅರೆನಿದ್ದೆಯಲ್ಲೆದ್ದು, ತಂಡದಿಂದ ಕೈಬಿಟ್ಟಾರೆಂದು ಹೆಗಲ ನೋವನ್ನು ಅಂಗಿಯೊಳಗೆ ಬಚ್ಚಿಡುವ ನಿಮ್ಮನ್ನು ನೋಡಿದಾಗ, ಕಾಲ ಬದಲಾದರೂ ಹುಡುಗರು ಬಿದ್ದು ನೋಯುವ ಕಾರಣ ಬದಲಾಗಿಲ್ಲವೆನಿಸುತ್ತದೆ. “ನೋಯ್ತದ” ಎಂದು ಹೇಳಿರಿ. ನೀವು ಹೇಳಿದಾಗ ಕೇಳಿಸಿಕೊಳ್ಳುವ ಹಿರಿತನವನ್ನು ಶಿವನು ನಮಗೆಲ್ಲ ಕೊಡಲಿ.

ತಡೆದ ವಸ್ತಾದರಿಗೆ, ಹಸಿದ ಅಪ್ಪನಿಗೆ, ಕಂಡುಹಿಡಿದ ಅಕ್ಕನಿಗೆ, ಕಾದ ಉಪ್ಪಿನಬೆಟಗೇರಿಯ ಪೈಲವಾನನಿಗೆ, ಕಾಯಲು ಕಲಿತ ಅಣ್ಣನಿಗೆ ಸದ್ಗತಿಯಿರಲಿ. ಇಂದು ಆಡುವ ನಿಮ್ಮೆಲ್ಲರ ಕಾಲುಗಳು ಮುಪ್ಪಿನವರೆಗೂ ನಿಮ್ಮನ್ನು ಹೊತ್ತು ನಡೆಯಲಿ.