ಉಬ್ರಾಣಿಯ ಸಣ್ಣ ಮೊಟ್ಟೆ

ರಂಗೂನಿನಲ್ಲಿ ಜಪಾನೀಯರ ಮೊದಲ ಬಾಂಬು ಬಿದ್ದಾಗ ಬೆಳಿಗ್ಗೆ ಹತ್ತೂ ಕಾಲು. ನಾನು ಸಂತೆಯಲ್ಲಿ ಅಂಗೈ ತುಂಬುವ ಬಾತುಕೋಳಿ ಮೊಟ್ಟೆಗಳನ್ನು ಆರಿಸುತ್ತಿದ್ದೆ, ಆಣೆಗೊಂದು. ಮಗಳು ಸರೋಜಿಗೆ ಅವೆಂದರೆ ಪ್ರಾಣ. ಆ ಸದ್ದು ಈಗಲೂ ಕಿವಿಯಲ್ಲಿದೆ. ಬರ್ಮಾ ಬಿಟ್ಟು ಊರಿನತ್ತ ಕಾಡುದಾರಿಯಲ್ಲಿ ನಡೆದು ಬರುವಾಗ ಒಂದೇ ಮೊಟ್ಟೆಗೆ ರೂಪಾಯಿ ತೆತ್ತೆ. ಅವಳು ಅದನ್ನೂ ಮುಟ್ಟಲಿಲ್ಲ. ಊಟವೂ ಇಲ್ಲ, ನಿದ್ದೆಯೂ ಇಲ್ಲ, ಮಗು ಕಡ್ಡಿಯಾಗಿತ್ತು.

ಚನ್ನಗಿರಿಯಲ್ಲಿ ದಾವಣಗೆರೆ ಬಸ್ಸಿಗೆ ಕಾಯುವಾಗ, ಉಬ್ರಾಣಿಯ ಮುದುಕಿಯೊಬ್ಬಳ ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದುಕೊಂಡು ಯೋಚಿಸದೆ ರೂಪಾಯಿ ಕೊಟ್ಟೆ.

“ಏನ್ರೀ ಸ್ವಾಮಿ, ಕೋಳೀನೂ ಹಿಡ್ಕಂಡು ಹೋಗಾಕೆ ಬಂದೀರಾ? ಆಣೆಗೆ ಎರಡು!” ಮುದುಕಿ ನಕ್ಕು ರೂಪಾಯಿ ಹಿಂದಕ್ಕೆ ಕೊಟ್ಟಳು.

ನಮ್ಮ ಕಡೆಯ ಕೋಳಿಮೊಟ್ಟೆ ಇಷ್ಟು ಸಣ್ಣದೆಂಬುದು ನನಗೂ ಮರೆತುಹೋಗಿತ್ತು. ರಂಗೂನಿನಲ್ಲೇ ಹುಟ್ಟಿದ ಸರೋಜಿ ಅದನ್ನು ದಿಟ್ಟಿಸಿ, “ಅಪ್ಪಾ, ಇದಿನ್ನೂ ಮರಿ. ದೊಡ್ಡದಾಗ್ಲಿ, ಬಿಡು” ಎಂದಳು.

“ನಮ್ಮ ಕೋಳಿದು ಇಷ್ಟೇ ಕಣವ್ವಾ,” ಎಂದು ಮುದುಕಿ ಪಕ್ಕದಲ್ಲಿ ಕಾಲು ಕಟ್ಟಿದ್ದ ಹೇಟೆಯನ್ನು ತೋರಿಸಿದಳು. “ಈಗ ಇಟ್ಟೈತೆ, ಮುಟ್ಟಿ ನೋಡು, ಹೆಂಗೆ ಬೆಚ್ಚಗೈತೆ.”

ಸರೋಜಿ ಆ ಮೊಟ್ಟೆಯನ್ನು ನನ್ನ ಮಾವನ ಊರಾದ ಬಿಳಿಚೋಡು ತಲುಪುವವರೆಗೂ ಕೈಯಿಂದ ಬಿಡಲಿಲ್ಲ. ಹೆರಿಗೆಗೆಂದು ಮೊದಲೇ ತವರಿಗೆ ಬಂದಿದ್ದ ನನ್ನ ಹೆಂಡತಿ ಅದನ್ನು ಬೇಯಿಸಿಕೊಟ್ಟಳು. ಮಗು ಎರಡೇ ತುತ್ತಿಗೆ ತಿಂದು ಇನ್ನೊಂದು ಕೇಳಿತು.

ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ಕೋಳಿ ಕೂಗಿದ್ದು ಗಾಢ ನಿದ್ದೆಯಲ್ಲಿದ್ದ ನನಗೂ ಸರೋಜಿಗೂ ಕೇಳಿಸಲಿಲ್ಲ.