ಒಕ್ಕಲೆದ್ದ ಕಣಿವೆಗೆ ಡೋಲಿನಾ ಮನ್ರೋ ಅವರ ವ್ಯಾನು

ಸೂರ್ಯ ಗುಡ್ಡದ ಬೆನ್ನಿನಿಂದ ಈಗಷ್ಟೇ ತಲೆ ಎತ್ತುತ್ತಿದ್ದಾನೆ. ಒಂದೇ ಗಾಡಿ ಹಿಡಿಸುವ ಡಾಂಬರು ರಸ್ತೆಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಹೊಟ್ಟೆಯ ಮೇಲೆ ಮಲಗಿದ್ದಾರೆ. ಅವರ ಕೈಯಲ್ಲಿ ಹಗ್ಗ. ಎದುರಿಗೆ, ರಸ್ತೆ ಪಕ್ಕದ ಹುದುಲಿನಲ್ಲಿ ಮೂತಿ ಹೂತುಕೊಂಡು ಹಿಂಭಾಗ ಮೇಲೆತ್ತಿ ನಿಂತಿರುವ ಕೆಂಪು ಬಾಡಿಗೆ ಕಾರು. ಅದರ ಪಕ್ಕದಲ್ಲಿ ಕಂಬಳಿ ಹೊದ್ದ ಗಂಡ ಹೆಂಡತಿ ನೊರಜು ಓಡಿಸುತ್ತ ನಿಂತಿದ್ದಾರೆ.

"ಎದುರಿಂದ ಲಾರಿ ಬಂತು. ಹಿಂದಕ್ಕೆ ತಗೊಳ್ಳೋಕೆ ಹೋದೆ," ಎನ್ನುತ್ತಾನೆ ಗಂಡ.

"ಗೊತ್ತಾಯ್ತು ಸ್ವಾಮಿ. ಎಲ್ಲರೂ ಅದೇ ಹೇಳೋದು," ಎನ್ನುತ್ತಾರೆ ಡೋಲಿನಾ ಮನ್ರೋ, ಹಗ್ಗದ ಗಂಟು ಬಿಗಿಯುತ್ತ. "ಮುಂದಕ್ಕೆ ಓಡ್ಸೋಕೆ ಬಂದ್ರೆ ಸಾಕು, ಲೈಸೆನ್ಸ್ ಕೊಟ್ಟು ಕಳಿಸ್ತಾರೆ. ಹಿಂದಕ್ಕೆ ಓಡ್ಸೋದನ್ನ ಯಾವ ದೇಶದಲ್ಲೂ ಕಲ್ಸಲ್ಲ ಅಂತ ಕಾಣುತ್ತೆ."

ಅವರ ಹಳೆಯ ವ್ಯಾನು ಒಮ್ಮೆ ಗುಡುಗಿ ಕಾರನ್ನು ಹೊರಗೆಳೆಯುತ್ತದೆ. ಗಂಡ ಹೆಂಡತಿ ನ್ಯೂಜಿಲೆಂಡಿನವರು, ಅಜ್ಜಿಯ ಅಜ್ಜಿಯ ಊರು ಹುಡುಕಿಕೊಂಡು ಬಂದವರು. ಕೈಮುಗಿಯುವಂತೆ ನಿಂತು ಥ್ಯಾಂಕ್ಸ್ ಹೇಳುತ್ತಾರೆ. ಡೋಲಿನಾ ಸ್ವೆಟರಿನ ಕೆಸರು ಕೊಡವಿಕೊಂಡು ನನ್ನತ್ತ ತಿರುಗುತ್ತಾರೆ. "ಇನ್ನೂ ಒಂದು ಲೋಟ ಟೀ ಕುಡಿದಿಲ್ಲ ನಾನು. ಇದನ್ನ ಬರಿ ನಿನ್ನ ಪೇಪರಲ್ಲಿ."

ಬರೆಯುತ್ತಿದ್ದೇನೆ. ಸ್ಕಾಟ್ಲೆಂಡಿನ ಉತ್ತರದ ತುದಿಯ ಈ ಇನ್ವರ್‌ಓರಿಗ್ ಊರಿನಲ್ಲಿ ನಾನು ಅವರ ನೆರೆಮನೆಯವನಾಗಿ ಬಹಳ ವರ್ಷವಾಯಿತು. ಅವರ ಗೊಣಗಾಟ ಕೇಳದ ದಿನ ನನಗೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ಆ ವ್ಯಾನು ಮೊದಲು ಶಾಲೆಯದು. ಡೋಲಿನಾ ಅದರಲ್ಲಿ ಊರಿನ ಮಕ್ಕಳನ್ನು ಶಾಲೆಗೆ ಕರೆದೊಯ್ದು ತರುತ್ತಿದ್ದರು. ಮಕ್ಕಳು ಕಡಿಮೆಯಾಗುತ್ತ ಬಂದು ಕೊನೆಗೆ ಶಾಲೆಯೇ ಮುಚ್ಚಿತು. ವ್ಯಾನು ಅಂಗಳದಲ್ಲಿ ಕೋಳಿಗಳ ಮನೆಯಾಯಿತು. ಒಂದು ದಿನ ಅಂಗಡಿಯ ಮುಂದೆ ಕೆನಡದ ನೋವಾಸ್ಕೋಷಿಯದ ಮುದುಕಿಯೊಬ್ಬಳು, ನಮ್ಮ ಹಿರಿಯರ ಊರು ಈ ಕಣಿವೆಯೊಳಗಿತ್ತಂತೆ, ಯಾರಾದರೂ ಕರೆದುಕೊಂಡು ಹೋಗುತ್ತೀರಾ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದಳು. ಡೋಲಿನಾ ಕೋಳಿಗಳನ್ನು ಓಡಿಸಿ, ಸೀಟು ಒರೆಸಿ, ಅವಳನ್ನು ಕೂರಿಸಿಕೊಂಡು ಹೊರಟರು. ಅಂದಿನಿಂದ ವಸಂತ ಬಂತೆಂದರೆ ಶರತ್ಕಾಲದವರೆಗೆ ಇದೇ ಕೆಲಸ. ವಾರಕ್ಕೆ ನಾಲ್ಕೈದು ಸವಾರಿ. ಹೊಳೆಯ ಪಕ್ಕದ ಈ ರಸ್ತೆ ಹದಿನೆಂಟು ಮೈಲಿ ಒಳಗೆ ಹೋಗಿ ಕುರಿದೊಡ್ಡಿಯೊಂದರ ಬಳಿ ನಿಂತುಬಿಡುತ್ತದೆ. ಎರಡೂ ಕಡೆ ಜರಿಗಿಡದ ನಡುವೆ ಸೂರಿಲ್ಲದ ಕಲ್ಲುಗೋಡೆಗಳು. ಇನ್ನೂರು ವರ್ಷಗಳ ಹಿಂದೆ ಜಮೀನ್ದಾರರಿಗೆ ಜನಕ್ಕಿಂತ ಕುರಿ ಲಾಭ ಎನ್ನಿಸಿದಾಗ ಒಕ್ಕಲೆಬ್ಬಿಸಿದ ಊರುಗಳು ಅವು. ಎದ್ದವರು ಹಡಗು ಹತ್ತಿ ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಸೇರಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ವಿಮಾನ ಹತ್ತಿ ಬರುತ್ತಾರೆ.

ಬರುವವರು ಡೋಲಿನಾರ ತಾಳ್ಮೆಯನ್ನು ಚೆನ್ನಾಗಿ ಪರೀಕ್ಷಿಸುತ್ತಾರೆ. ಬಿಳಿ ಬಟ್ಟೆ ಶೂ ಹಾಕಿಕೊಂಡು ಹುದುಲಿಗೆ ಇಳಿಯುತ್ತಾರೆ. ಅದಕ್ಕೇ ವ್ಯಾನಿನ ಹಿಂದೆ ಎಲ್ಲ ಅಳತೆಯ ರಬ್ಬರ್ ಬೂಟುಗಳಿವೆ. ಕುರಿ ಕಂಡಲ್ಲೆಲ್ಲ ನಿಲ್ಲಿಸಿ ಫೋಟೊ ಎನ್ನುತ್ತಾರೆ. ತಮ್ಮ ಮನೆತನದ ಕೋಟೆ ಎಲ್ಲಿ ಎಂದು ಕೇಳುತ್ತಾರೆ.

"ಕೋಟೆ ಇದ್ದೋರು ಹಡಗು ಯಾಕಮ್ಮ ಹತ್ತುತ್ತಿದ್ರು ಅಂತ ಕೇಳ್ತೀನಿ," ಎನ್ನುತ್ತಾರೆ ಡೋಲಿನಾ. "ಮುಖ ಸಣ್ಣ ಮಾಡ್ಕೊತಾರೆ. ಆಮೇಲೆ ಪಾಪ ಅನ್ಸುತ್ತೆ, ಓಟ್ಸ್ ರೊಟ್ಟಿ ಕೊಡ್ತೀನಿ."

ಅವರ ಗಂಡ ಟಾರ್ಕಿಲ್ ಕುರಿ ಸಾಕುತ್ತಾರೆ, ಮಾತು ಕಡಿಮೆ. "ಇವಳು ಸಂಜೆ ಮನೆಗೆ ಬಂದು ಅಷ್ಟೂ ಜನರನ್ನ ನನಗೆ ಬೈತಾಳೆ. ಬೆಳಗ್ಗೆ ಎದ್ದು ಅವರಿಗೇ ರೊಟ್ಟಿ ಬೇಯಿಸ್ತಾಳೆ," ಎಂದಷ್ಟೇ ಹೇಳಿ ನಾಯಿಯನ್ನು ಕರೆದುಕೊಂಡು ಹೊರಟುಬಿಡುತ್ತಾರೆ.

ಈ ಲೇಖನಕ್ಕೆಂದು ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೇಳಿದೆ. "ಬಾ. ಆದ್ರೆ ಗೇಟು ತೆಗ್ದು ಹಾಕೋ ಕೆಲ್ಸ ನಿಂದು," ಎಂದರು. ಕೆಂಪು ಕಾರು ಎಳೆದ ಬೆಳಗ್ಗೆಯೇ ಹೊರಟೆವು.

ಅಂದಿನ ಪ್ರಯಾಣಿಕರು ಕೆನಡದ ಅಕ್ಕ ತಮ್ಮ. ಅಕ್ಕ ಕೋರಿನ್ ಮ್ಯಾಥೆಸನ್, ನಿವೃತ್ತ ನರ್ಸ್. ತಮ್ಮ ವೆಂಡೆಲ್, ಟ್ರ್ಯಾಕ್ಟರ್ ಮಾರುವವರು, ಎತ್ತರದ ಆಳು. ಇಬ್ಬರೂ ನಾಲ್ಕು ದಿನದಿಂದ ಒಂದೇ ಕಾರಿನಲ್ಲಿ ಸುತ್ತಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ವೆಂಡೆಲ್ ಮಡಿಲಲ್ಲಿ ಟವೆಲ್ ಸುತ್ತಿದ ಭಾರದ ವಸ್ತುವೊಂದಿತ್ತು. ಮೊದಲ ಗೇಟು ದಾಟಿದ ಮೇಲೆ ಅವರೇ ಬಿಚ್ಚಿ ತೋರಿಸಿದರು. ಕಪ್ಪು ಗ್ರಾನೈಟ್ ಫಲಕ. 'ಈ ಮನೆಯಿಂದ ಅಲಸ್ಡೇರ್ ಮ್ಯಾಥೆಸನ್ ಮತ್ತು ಮಕ್ಕಳನ್ನು ಅನ್ಯಾಯವಾಗಿ ಹೊರಹಾಕಲಾಯಿತು' ಎಂದು ಬಂಗಾರದ ಅಕ್ಷರ.

"ಊರಲ್ಲೇ ಕೆತ್ತಿಸ್ಕೊಂಡು ಬಂದ್ವಿ," ಎಂದರು ವೆಂಡೆಲ್. "ಡ್ರಿಲ್ಲೂ ತಂದಿದೀನಿ. ಮನೆ ಯಾವುದು ಅಂತ ಹಳೇ ನಕ್ಷೆ ತೆಗ್ಸಿ ಗುರ್ತು ಮಾಡಿದೀನಿ."

"ವಿಮಾನದಲ್ಲಿ ಅದರ ಭಾರಕ್ಕೆ ನನ್ನ ಪೆಟ್ಟಿಗೆಯಿಂದ ಬಟ್ಟೆಯೆಲ್ಲ ತೆಗ್ಸಿಬಿಟ್ಟ," ಎಂದರು ಕೋರಿನ್, ಕಿಟಕಿಯ ಹೊರಗೆ ನೋಡುತ್ತ. "ನಾಲ್ಕು ದಿನದಿಂದ ಇದೇ ಸ್ವೆಟರು."

ಡೋಲಿನಾ ಕನ್ನಡಿಯಲ್ಲಿ ಫಲಕವನ್ನು ಒಮ್ಮೆ ನೋಡಿದರು. ಸಾಮಾನ್ಯವಾಗಿ ಅವರು ಪ್ರತಿ ತಿರುವಿನಲ್ಲೂ ಒಂದು ಕಥೆ ಹೇಳುವವರು. ಅಂದು ಕಥೆ ಬಿಟ್ಟು ಹಾದಿಯುದ್ದಕ್ಕೂ ವಿಳಂಬ ಮಾಡಿದರು. ನೋಡುವಂಥದ್ದೇನೂ ಇಲ್ಲದ ಸೇತುವೆಯ ಬಳಿ ನಿಲ್ಲಿಸಿದರು. ಟೀ ಕುಡಿಯೋಣ ಎಂದರು, ಮತ್ತೆ ಟೀ ಕುಡಿಯೋಣ ಎಂದರು. ವೆಂಡೆಲ್ ಕಾಲು ಕುಣಿಸತೊಡಗಿದರು.

"ಅಮ್ಮಾ, ಮಳೆ ಬರೋ ಹಾಗಿದೆ. ನೇರ ಮನೆ ಹತ್ರ ಹೋಗೋಣ."

"ಇಲ್ಲಿ ಯಾವಾಗ್ಲೂ ಮಳೆ ಬರೋ ಹಾಗೇ ಇರುತ್ತೆ," ಎಂದರು ಡೋಲಿನಾ. ಆದರೆ ಹೊರಟರು.

ಆ ಮನೆ ಹೊಳೆಯ ತಿರುವಿನಲ್ಲಿ, ಎತ್ತರದ ಹಸಿರು ದಿಬ್ಬದ ಮೇಲಿದೆ. ಕಣಿವೆಯ ಅತ್ಯುತ್ತಮ ಹುಲ್ಲುಗಾವಲು ಅದರ ಮುಂದಿನದು. ಗೋಡೆಗಳು ಎದೆಮಟ್ಟ ಉಳಿದಿವೆ, ಒಲೆಯ ಕಲ್ಲು ಹಾಗೇ ಇದೆ. ವೆಂಡೆಲ್ ನಕ್ಷೆ ನೋಡಿ, ಗೋಡೆ ನೋಡಿ, ಟೋಪಿ ತೆಗೆದರು. ಕೋರಿನ್ ಕಣ್ಣೊರೆಸಿಕೊಂಡರು. ತುಂತುರು ಶುರುವಾಯಿತು, ಅದರ ಜೊತೆ ನೊರಜೂ. ವೆಂಡೆಲ್ ಬಾಗಿಲ ಪಕ್ಕದ ಕಲ್ಲಿನ ಮೇಲೆ ಫಲಕ ಹಿಡಿದು, ಗುರುತು ಮಾಡಿ, ಡ್ರಿಲ್ಲು ಎತ್ತಿದರು.

"ಬೇಡ," ಎಂದರು ಡೋಲಿನಾ.

"ಏನು ಬೇಡ?"

"ಕಲ್ಲಿಗೆ ತೂತು ಬೇಡ."

"ಇದು ನಮ್ಮ ಮುತ್ತಜ್ಜನ ಮುತ್ತಜ್ಜನ ಮನೆ, ತಾಯಿ. ಗೇಣಿ ಪಟ್ಟಿಯಲ್ಲಿ ಹೆಸರಿದೆ."

"ಇರುತ್ತೆ. ನಿಮ್ಮೋರು ಎರಡು ವರ್ಷ ಇದ್ರು ಇಲ್ಲಿ. ಅದಕ್ಕೆ ಮುಂಚೆ ಇದು ನಮ್ಮ ಮನೆ." ಡೋಲಿನಾರ ದನಿ ಏರಲಿಲ್ಲ, ಗಡುಸಾಯಿತು. "ನಮ್ಮ ಹಿರಿಯಳೊಬ್ಬಳು, ಕೆಟ್ರಿನ್ ಅಂತ, ಬಾಣಂತಿ, ಒಳಗೆ ಮಲಗಿದ್ಲು. ಜಮೀನ್ದಾರರ ಪಾರುಪತ್ಯಗಾರ ಆಳು ಕಳ್ಸಿ ಹುಲ್ಲಿನ ಮಾಡಿಗೆ ಬೆಂಕಿ ಇಡ್ಸಿದ. ಕೊಳ್ಳಿ ಹಿಡಿದಿದ್ದು ಅಲಸ್ಡೇರ್ ಮ್ಯಾಥೆಸನ್. ಆ ಕೆಲ್ಸಕ್ಕೆ ಸಿಕ್ಕ ಇನಾಮು ಈ ಮನೆ, ಈ ಹುಲ್ಲುಗಾವಲು. ಕೊಳ್ಳಿ ಅಲಸ್ಡೇರ್ ಅಂತಲೇ ನಮ್ಮಲ್ಲಿ ಹೆಸರು. ಆಮೇಲೆ ಕುರಿಗೆ ಇನ್ನೂ ಜಾಗ ಬೇಕಾಯ್ತು, ಅವನನ್ನೂ ಎಬ್ಬಿಸಿದ್ರು. ಫಲಕದಲ್ಲಿ ಬರ್ದಿರೋದು ಸುಳ್ಳಲ್ಲ. ಆದ್ರೆ ನನ್ನ ಮನೆ ಗೋಡೆ ಮೇಲೆ ಬೇಡ."

ಡ್ರಿಲ್ಲು ವೆಂಡೆಲ್ ಕೈಯಲ್ಲೇ ಇತ್ತು. ಅವರ ಮುಖ ಕೆಂಪಾಯಿತು.

"ಇದಕ್ಕೆಲ್ಲ ಪುರಾವೆ?"

"ಇಲ್ಲ. ನಿಮ್ಮ ಹತ್ರ ಕಾಗದ ಇದೆ. ನನ್ನ ಹತ್ರ ಅಜ್ಜಿ ಇದ್ಲು."

"ಅಜ್ಜಿ ಹೇಳಿದ್ದಕ್ಕೆಲ್ಲ ನಾನು ತಲೆ ತಗ್ಗಿಸ್ಬೇಕಾ? ನಾನು ಚಿಕ್ಕೋನಿದ್ದಾಗಿಂದ ಅಪ್ಪ ಆ ಮನುಷ್ಯನ ಕಥೆ ಹೇಳಿದಾರೆ. ಉಟ್ಟ ಬಟ್ಟೇಲಿ ಬಂದ, ಕಾಡು ಕಡ್ದ, ನಮ್ಮನ್ನೆಲ್ಲ ಮನುಷ್ಯರನ್ನ ಮಾಡ್ದ ಅಂತ."

"ಮಾಡಿರ್ಬಹುದು ಮಾರಾಯ. ನಾನು ಇಲ್ಲ ಅಂದ್ನಾ? ಅದು ಆ ಕಡೆ ದಡದ ಕಥೆ. ಇದು ಈ ಕಡೆದು."

ಅಕ್ಕ ಒಲೆಯ ಕಲ್ಲಿನ ಮೇಲೆ ಕುಳಿತಿದ್ದವರು ತಟ್ಟನೆ ಎದ್ದು ನಿಂತರು, ತಪ್ಪು ಜಾಗದಲ್ಲಿ ಕೂತವರ ಹಾಗೆ. "ವೆಂಡೆಲ್, ಅದನ್ನ ಒಳಗಿಡು," ಎಂದರು.

ವಾಪಸ್ ಬರುವ ದಾರಿ ಬಹಳ ಉದ್ದವಾಗಿತ್ತು. ನಡುವೆ ದನಗಳು ರಸ್ತೆಯಲ್ಲಿ ಮಲಗಿದ್ದವು. ಅವು ಎದ್ದ ಮೇಲೆ ಮನೆಯಷ್ಟು ದೊಡ್ಡ ಪ್ರವಾಸಿ ಗಾಡಿಯೊಂದು ಎದುರು ಬಂದು, ಹಿಂದೆ ಸರಿಯಲಾರದೆ, ಅಲ್ಲೇ ನಿಂತಿತು. ಡೋಲಿನಾ ಎಂಜಿನ್ ಆರಿಸಿ ಹಣೆಯನ್ನು ಸ್ಟಿಯರಿಂಗಿಗೆ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು ವೆಂಡೆಲ್ ಇಳಿದು ಹೋದರು. ಮಳೆಯಲ್ಲೇ ನಿಂತು, ಎಡಕ್ಕೆ, ಬಲಕ್ಕೆ ಎಂದು ಕೈಬೀಸಿ, ಆ ಗಾಡಿಯನ್ನು ಇಂಚಿಂಚಾಗಿ ಹಿಂದಕ್ಕೆ ಕಳಿಸಿದರು. ಒದ್ದೆಯಾಗಿ ಬಂದು ಕೂತವರಿಗೆ ಡೋಲಿನಾ ಒಂದು ಟವೆಲ್ ಕೊಟ್ಟರು.

ಆ ಸಂಜೆ ಡೋಲಿನಾ ನನ್ನ ಅಡುಗೆಮನೆಗೆ ಬಂದು ಕೂತರು. ಸಿಟ್ಟು ಯಾರ ಮೇಲೆ ಎಂದು ಅವರಿಗೇ ಗೊತ್ತಿದ್ದಂತಿರಲಿಲ್ಲ. "ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾರೆ. ಬಾಯಿ ಮುಚ್ಕೊಂಡಿರ್ಬೇಕಿತ್ತು ನಾನು. ಬಾಯಿ ಬಿಟ್ಟಿದ್ದೂ ಬಿಟ್ಟೆ, ಪೂರ್ತಿ ಹೇಳಿದ್ನಾ? ಅದೂ ಇಲ್ಲ."

"ಪೂರ್ತಿ ಅಂದ್ರೆ?"

ಅವರು ಎದ್ದು ಹೋದರು.

ಮರುದಿನ ಬೆಳಗ್ಗೆ ನಾನು ಅವರ ಅಂಗಳದಲ್ಲಿ ವ್ಯಾನಿನ ಕೆಸರು ತೊಳೆಯಲು ಕೈಜೋಡಿಸಿದ್ದಾಗ ಕೋರಿನ್ ನಡೆದು ಬಂದರು. ಹಿಂದೆ, ಬೇಲಿಯಾಚೆ, ವೆಂಡೆಲ್ ಟವೆಲ್ ಸುತ್ತಿದ ಕಲ್ಲನ್ನು ಅಪ್ಪಿಕೊಂಡು ನಿಂತಿದ್ದರು.

"ಇಬ್ಬರ ಹೆಸರನ್ನೂ ಹಾಕಿಸಿ ಬೇರೆ ಕಲ್ಲು ಮಾಡಿಸೋಣವಾ ಅಂತ ಕೇಳೋಕೆ ಬಂದೆ," ಎಂದರು ಕೋರಿನ್. "ಕೆಟ್ರಿನ್ ಹೆಸರು ಮೇಲೆ."

"ಕಲ್ಲು ಬೇಡಮ್ಮ. ಆ ಕಣಿವೇಲಿ ಕಲ್ಲಿಗೇನೂ ಬರ ಇಲ್ಲ." ಡೋಲಿನಾ ಬ್ರಷ್ಷನ್ನು ಬಕೆಟ್ಟಿಗೆ ಹಾಕಿದರು. "ಕೂತ್ಕೊಳಿ. ಅವನನ್ನೂ ಕರೀರಿ, ಬೇಲಿ ಹತ್ರ ಕಂಬದ ಥರ ನಿಂತಿದಾನೆ. ನಿನ್ನೆ ಒಂದು ಮಾತು ಹೇಳ್ಲಿಲ್ಲ ನಾನು. ಕೋಪದಲ್ಲಿ ಬಿಟ್ಟುಬಿಟ್ಟೆ."

ವೆಂಡೆಲ್ ಬಂದು ಮೆಟ್ಟಿಲ ತುದಿಯಲ್ಲಿ ಕೂತರು.

"ಅಲಸ್ಡೇರನ್ನ ಎಬ್ಬಿಸಿದ ದಿನ, ಕಣಿವೆಯಿಂದ ಎದ್ದೋರೆಲ್ಲ ಬಂದು ನೆಲೆಸಿದ್ದ ಈ ಕರಾವಳೀಲಿ ಯಾರೂ ಅವನಿಗೆ ಬಾಗಿಲು ತೆಗೀಲಿಲ್ಲ. ಯಾಕೆ ತೆಗೀತಾರೆ? ಎಲ್ಲರ ಮಾಡೂ ಅವನೇ ಸುಟ್ಟಿದ್ದು. ಹಡಗು ಬರೋವರೆಗೂ ಸಮುದ್ರದ ದಂಡೇಲಿ, ಮಗುಚಿದ ದೋಣಿ ಕೆಳಗೆ ಇದ್ರು, ಅವನು, ಹೆಂಡ್ತಿ, ಚಿಕ್ಕಚಿಕ್ಕ ಮಕ್ಕಳು. ಆ ಮಕ್ಕಳಿಗೆ ದಿನಾ ಗಂಜಿ ಹೊತ್ಕೊಂಡು ಹೋಗಿದ್ದು ಕೆಟ್ರಿನ್. ಅವನ ಮುಖ ನೋಡ್ತಾ ಇರ್ಲಿಲ್ಲವಂತೆ. ಪಾತ್ರೆ ಇಟ್ಟು, ಮಕ್ಕಳು ತಿನ್ನೋವರೆಗೂ ಸಮುದ್ರದ ಕಡೆ ತಿರುಗಿ ನಿಂತಿದ್ದು, ಪಾತ್ರೆ ತಗೊಂಡು ಬರ್ತಿದ್ಲಂತೆ."

ವೆಂಡೆಲ್ ಮಡಿಲ ಕಲ್ಲನ್ನು ಮೆಟ್ಟಿಲ ಮೇಲೆ ಇಳಿಸಿದರು.

"ಯಾಕೆ ಕೊಟ್ರು?" ಎಂದರು.

"ಅಜ್ಜಿ ಹೇಳ್ಲಿಲ್ಲ. ನಾನು ಕೇಳ್ಲಿಲ್ಲ."

"ಆ ಮಕ್ಕಳಲ್ಲಿ ಒಬ್ಬರಿಂದಲೇ ನಾವು," ಎಂದರು ಕೋರಿನ್. ವೆಂಡೆಲ್ ತಲೆ ತಗ್ಗಿಸಿ ತಮ್ಮ ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ, ಮತ್ತೊಮ್ಮೆ ಆ ಮನೆಗೆ ಕರೆದುಕೊಂಡು ಹೋಗುತ್ತೀರಾ, ಸುಮ್ಮನೆ, ಏನೂ ತರುವುದಿಲ್ಲ ಎಂದು ಕೇಳಿದರು. ಡೋಲಿನಾ ಆಕಾಶ ನೋಡಿ, ಇವತ್ತು ಬಟ್ಟೆ ಒಗೆಯೋ ದಿನ ಎಂದು ಗೊಣಗಿ, ಕೀಲಿಕೈ ತಂದರು. ಅಂದು ಆ ದಿಬ್ಬದ ಮೇಲೆ ನಾಲ್ವರೂ ಓಟ್ಸ್ ರೊಟ್ಟಿ ತಿಂದೆವು. ವೆಂಡೆಲ್ ಒಲೆಯೊಳಗೆ ಬೆಳೆದಿದ್ದ ಜರಿಗಿಡವನ್ನು ಬರಿಗೈಯಲ್ಲಿ ಕಿತ್ತು ಸ್ವಚ್ಛ ಮಾಡಿದರು. ಯಾರೂ ಹೇಳಿರಲಿಲ್ಲ.

ಫಲಕ ಇಲ್ಲೇ ಉಳಿದಿದೆ. ಅದನ್ನು ವಿಮಾನದಲ್ಲಿ ವಾಪಸ್ ಒಯ್ಯಲು ಕೋರಿನ್ ಒಪ್ಪಲಿಲ್ಲ. ಟಾರ್ಕಿಲ್ ಅದನ್ನು ತಮ್ಮ ಕುರಿದೊಡ್ಡಿಯ ಬಾಗಿಲಲ್ಲಿ, ಕೆಸರಲ್ಲಿ ಕಾಲು ಹೂತುಹೋಗುವ ಜಾಗಕ್ಕೆ, ಅಕ್ಷರ ಕೆಳಗೆ ಮಾಡಿ ಹಾಸಿದ್ದಾರೆ. "ಒಳ್ಳೇ ಕಲ್ಲು," ಎನ್ನುತ್ತಾರೆ.

ಡೋಲಿನಾರ ಗೊಣಗಾಟ ನಿಂತಿಲ್ಲ. ನಾಳೆ ಆಸ್ಟ್ರೇಲಿಯದ ಆರು ಮಂದಿ ಬರುವವರಿದ್ದಾರೆ. ಅದರಲ್ಲೊಬ್ಬರಿಗೆ ಓಟ್ಸ್ ಆಗದು, ಇನ್ನೊಬ್ಬರಿಗೆ ತಿರುವು ಬಂದರೆ ವಾಂತಿ. ಇಷ್ಟೆಲ್ಲ ಬೈದುಕೊಂಡು ಈ ಕೆಲಸ ಯಾಕೆ ಮಾಡುತ್ತೀರಿ, ಬಿಟ್ಟುಬಿಡಬಹುದಲ್ಲ ಎಂದು ಕೊನೆಗೆ ಕೇಳಿಯೇಬಿಟ್ಟೆ. ಅವರು ಬೂಟುಗಳನ್ನು ಜೋಡಿ ಮಾಡಿ ವ್ಯಾನಿನೊಳಗೆ ಎಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಈ ರಸ್ತೇಲಿ ಇನ್ನೂರು ವರ್ಷ ಜನ ಬರೀ ಹೊರಗೆ ಹೋಗಿದ್ದೇ ಆಯ್ತು. ನಮ್ಮ ಶಾಲೆ ಮಕ್ಕಳೂ ಹೋದ್ರು, ಇದೇ ವ್ಯಾನಲ್ಲಿ ನಾನೇ ಬಿಟ್ಟು ಬಂದೆ," ಎಂದರು. "ಒಳಗೆ ಕರ್ಕೊಂಡು ಹೋಗೋಳು ನಾನೊಬ್ಳು."