ತರಬೇತಿಯಲ್ಲಿ ನನ್ನೆದುರು ಕೂತವರು

ಭದ್ರಾವತಿಯ ಕಾಲೇಜೊಂದರ ಆರೋಗ್ಯ ಕೊಠಡಿಯಲ್ಲಿ ನಾನು ನರ್ಸ್. ತಲೆನೋವಿಗೆ ಮಾತ್ರೆ, ಹೊಟ್ಟೆನೋವಿಗೆ ಬಿಸಿನೀರಿನ ಚೀಲ, ಆಟದಲ್ಲಿ ಬಿದ್ದವರಿಗೆ ಬ್ಯಾಂಡೇಜು, ಇಷ್ಟೇ ನನಗೆ ಗೊತ್ತಿದ್ದ ಕೆಲಸ. ಈಚೆಗೆ ಮಕ್ಕಳು ಸುಮ್ಮನೆ ಬಂದು ಮಂಚದ ಮೇಲೆ ಕೂತು ಅಳುತ್ತಿದ್ದರು. ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಇಂಥ ಮಕ್ಕಳ ಮಾತು ಹೇಗೆ ಕೇಳಿಸಿಕೊಳ್ಳಬೇಕೆಂದು ಶಿವಮೊಗ್ಗದಲ್ಲಿ ಎರಡು ದಿನದ ತರಬೇತಿ ಇದೆ, ಹೋಗಿ ಬನ್ನಿ ಎಂದು ಪ್ರಿನ್ಸಿಪಾಲರು ಹೇಳಿದಾಗ ಖುಷಿಯಿಂದಲೇ ಹೊರಟೆ.

ಬಸ್ಸಿನಲ್ಲಿ ಪಕ್ಕ ಕೂತವರು ನಮ್ಮೂರಿನದೇ ಇನ್ನೊಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಅವರೂ ಅದೇ ತರಬೇತಿಗೆ ಹೊರಟಿದ್ದರು. ನನಗಿಂತ ಕೊಂಚ ಹಿರಿಯರು, ಮಾತುಗಾರ್ತಿ. ಇಳಿಯುವಷ್ಟರಲ್ಲಿ ಎಷ್ಟೋ ವರ್ಷದ ಪರಿಚಯದವರಂತಾಗಿದ್ದೆವು.

ಮಧ್ಯಾಹ್ನ, ತರಬೇತಿ ಕೊಡುವ ಮೇಡಂ ನಮ್ಮಿಬ್ಬರನ್ನು ಎಲ್ಲರ ಮುಂದೆ ಎದುರುಬದುರು ಕೂರಿಸಿದರು. ವಾರ್ಡನ್, ಪರೀಕ್ಷೆಯಲ್ಲಿ ಫೇಲಾದ ಹುಡುಗಿ. ನಾನು ಅವಳ ಮಾತು ಕೇಳಿಸಿಕೊಳ್ಳುವ ನರ್ಸ್.

"ಅಮ್ಮಂಗೆ ಹೇಳಕ್ಕೆ ಹೆದ್ರಿಕೆ ಸಿಸ್ಟರ್," ಎಂದು ಅವರು ಶುರು ಮಾಡಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಥೇಟ್ ಹುಡುಗಿಯ ಹಾಗೇ. ಜನ ನಕ್ಕರು.

"ಅಮ್ಮ ಏನಂತಾರೆ?" ಎಂದೆ, ಹೇಳಿಕೊಟ್ಟ ಹಾಗೆ.

ಅವರು ಸೆರಗಿನ ತುದಿಯನ್ನು ಬಿಟ್ಟರು. ಆಮೇಲೆ ಬೇರೆಯದೇ ದನಿಯಲ್ಲಿ, "ಅನ್ನಬಾರದಿತ್ತು. ಅವತ್ತು ಅಂದ್ಬಿಟ್ಟೆ. ಅವನನ್ನ ಮದ್ವೆಯಾದ್ರೆ ನೀನು ನನ್ನ ಪಾಲಿಗೆ ಸತ್ತ ಹಾಗೆ ಅಂತ. ಆಮೇಲೆ ಫೋನೇ ಎತ್ತಲ್ಲ ಅವಳು," ಎಂದರು.

ಹುಡುಗಿಯ ಪಾತ್ರ ಜಾರಿ ಹೋಗಿ, ತಾಯಿ ಮಾತಾಡುತ್ತಿದ್ದಳು. ಅವರ ಗಲ್ಲ ನಡುಗುತ್ತಿದ್ದುದು ಹತ್ತಿರ ಕೂತ ನನಗೆ ಕಾಣುತ್ತಿತ್ತು. ಕೈ ಹಿಡಿದುಕೊಳ್ಳಲೇ ಎಂದುಕೊಳ್ಳುವಷ್ಟರಲ್ಲಿ ಮೇಡಂ, "ಎಂಥಾ ಅಭಿನಯ ರೀ! ತಾಯಿ ಪಾರ್ಟೂ ನೀವೇ ಮಾಡಿಬಿಟ್ರಲ್ಲ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾರ್ಡನ್ ಎದ್ದು ಕೈಮುಗಿದು ನಕ್ಕರು. ನಾನೂ ಚಪ್ಪಾಳೆ ತಟ್ಟಿದೆ. ಬೇರೇನು ಮಾಡಬೇಕೆಂದು ಹೊಳೆಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. "ನಿಮಗೆ ಏನನ್ನಿಸ್ತಿದೆ, ಹೇಳ್ಬಹುದಾ?"

"ಅಯ್ಯೋ ಮಾರಾಯ್ತಿ, ಆ ಪ್ರಶ್ನೆ ಬೇಡ. ನಾನೂ ಇವತ್ತು ಅದನ್ನೇ ಕಲ್ತು ಬಂದಿದೀನಿ," ಎಂದು ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಹೇಳಿದರು. ಮಗಳು ಶಿವಮೊಗ್ಗದಲ್ಲೇ, ಕೋಟೆಯ ಹತ್ತಿರ ಗಂಡನ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. "ಬೀದಿ ತನಕ ಹೋಗ್ತೀನಿ. ಬಾಗಿಲು ತಟ್ಟಕ್ಕೆ ಕೈ ಬರಲ್ಲ."

"ನಾಳೆ ಊಟದ ಹೊತ್ತಲ್ಲಿ ನಾನು ಹೋಗಿ ಮಾತಾಡಿಸ್ಲಾ?"

"ನಿಮಗ್ಯಾಕೆ ತೊಂದ್ರೆ," ಎಂದರು. ಆದರೆ ಮರುದಿನ ಅವರು ಒಳ್ಳೆಯ ಸೀರೆಯುಟ್ಟು ಬಂದಿದ್ದರು.

ಆಟೋ ಮಾಡಿಕೊಂಡು ಹೋದೆವು. ವಾರ್ಡನ್ ಮೂಲೆಯ ಹೂವಿನಂಗಡಿಯ ಬಳಿ ನಿಂತರು. ನಾನು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ತೆರೆದ ಹುಡುಗಿಗೆ ತಾಯಿಯದೇ ಗಲ್ಲ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ನಿಧಾನವಾಗಿ, ಬೈಯದೆ, ಬುದ್ಧಿ ಹೇಳದೆ, ಎಲ್ಲ ಕಲಿತ ಹಾಗೆಯೇ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬಿಸಿಲಲ್ಲಿ ಬಂದಿದೀರ, ನೀರು ಕೊಡ್ಲಾ?"

"ಬೇಡಮ್ಮ. ಅವರು ಕೆಳಗೇ ಇದಾರೆ."

"ಗೊತ್ತು. ಆಗಾಗ ಬಂದು ಅಲ್ಲೇ ನಿಂತಿರ್ತಾರೆ, ಕಿಟಕಿಯಿಂದ ಕಾಣತ್ತೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಆಗಲ್ಲ ಆಂಟಿ. ಬೇಜಾರು ಮಾಡ್ಕೋಬೇಡಿ." ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಕೆಳಗಿಳಿದಾಗ ವಾರ್ಡನ್ ನನ್ನ ಮುಖ ನೋಡಿದರು. ಏನಂದಳು ಎಂದು ಕೇಳಲಿಲ್ಲ. "ಸೊರಗಿದಾಳಾ?" ಎಂದಷ್ಟೇ ಕೇಳಿದರು.

"ಇಲ್ಲ, ಚೆನ್ನಾಗಿದಾಳೆ," ಎಂದೆ. ಕೊಂಡಿದ್ದ ಮಲ್ಲಿಗೆಯನ್ನು ಅವರು ಬ್ಯಾಗಿಗೆ ಹಾಕಿಕೊಂಡರು.

ಮಧ್ಯಾಹ್ನದ ಪಾಠ ಸಿಬ್ಬಂದಿ ತಮ್ಮ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕೆಂಬುದರ ಬಗ್ಗೆ. ಕಣ್ಣು ಮುಚ್ಚಿ ದೀರ್ಘ ಉಸಿರು ತೆಗೆದುಕೊಳ್ಳಿ ಎಂದರು ಮೇಡಂ. ನಾನು ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದೆ. ವಾರ್ಡನ್ ಹೇಳಿದ ಹಾಗೆಯೇ ಉಸಿರಾಡುತ್ತಿದ್ದರು. ಕೆನ್ನೆ ಒದ್ದೆಯಾಗಿತ್ತು.

ಮಗಳು ಇವತ್ತಿಗೂ ಫೋನ್ ಎತ್ತಿಲ್ಲ. ನನ್ನ ಕೊಠಡಿಗೆ ಮಕ್ಕಳು ಈಗಲೂ ಬರುತ್ತಾರೆ. ಈಗ ನನಗೆ ಕೇಳಲು ಪ್ರಶ್ನೆಗಳು ಗೊತ್ತು. ವಾರ್ಡನ್ ಕೂಡ ಆಗಾಗ ಫೋನ್ ಮಾಡುತ್ತಾರೆ. "ನಿಮ್ಮ ಕಾಲೇಜಿಗೆ ಶಿವಮೊಗ್ಗದ ಕೋಟೆ ಕಡೆಯಿಂದ ಬರೋ ಹುಡುಗೀರು ಯಾರಾದ್ರೂ ಇದಾರೇನ್ರೀ?" ಎನ್ನುತ್ತಾರೆ. ಯಾರೂ ಇಲ್ಲವೆಂದು ನನಗೆ ಗೊತ್ತು. ವಿಚಾರಿಸ್ತೀನಿ ಎನ್ನುತ್ತೇನೆ.